ಜೇಷ್ಠಮಧು: ಐದು ದಿನಕ್ಕೆ ಔಷಧ, ಐದು ತಿಂಗಳಿಗೆ ಆಪತ್ತು

ಮಳೆಗಾಲ ಶುರುವಾದರೆ ಸಾಕು, ಗ್ರಂಧಿಗೆ ಅಂಗಡಿಯಲ್ಲಿ ಜೇಷ್ಠಮಧು ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಗಂಟಲು ಕೆರೆತಕ್ಕೆ ಒಂದು ತುಂಡು ದವಡೆಗೆ ಸಿಕ್ಕಿಸಿಕೊಳ್ಳುವವರಿದ್ದಾರೆ, ಕೊತ್ತಂಬರಿ, ಜೀರಿಗೆ, ಕಾಳುಮೆಣಸಿನ ಜೊತೆ ಹುರಿದು ಕಷಾಯದ ಪುಡಿ ಮಾಡಿಟ್ಟುಕೊಳ್ಳುವವರಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ನನಗೆ ಆತಂಕ ಹುಟ್ಟಿಸಿರುವುದು ಕೊರೊನಾ ಕಾಲದಲ್ಲಿ ಬೆಳೆದು ಇನ್ನೂ ಬಿಟ್ಟುಹೋಗದ ಒಂದು ಅಭ್ಯಾಸ: ಕೆಮ್ಮು ಇರಲಿ ಬಿಡಲಿ, ‘ಇಮ್ಯುನಿಟಿ’ಗೆ ಅಂತ ದಿನಕ್ಕೆ ಎರಡು ಲೋಟ ಜೇಷ್ಠಮಧು ಕಷಾಯ, ತಿಂಗಳುಗಟ್ಟಲೆ. ಕೇಳಿದರೆ ‘ಗಿಡದ ಬೇರು ತಾನೇ, ಸೈಡ್ ಎಫೆಕ್ಟ್ ಏನೂ ಇಲ್ಲ’ ಅನ್ನುತ್ತಾರೆ.

ಇದೆ. ಜೇಷ್ಠಮಧು ಹೆಚ್ಚು ದಿನ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ತೀರಾ ಇಳಿದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಎಪ್ಪತ್ತೈದು ವರ್ಷಕ್ಕೂ ಹಿಂದಿನಿಂದ ವೈದ್ಯಲೋಕಕ್ಕೆ ಇದು ಗೊತ್ತು. ಕಷಾಯ ಕುಡಿಯುವವರಿಗೆ ಮಾತ್ರ ಯಾರೂ ಹೇಳಿಲ್ಲ.

ಮೊದಲು ಅದರ ಗುಣ ಹೇಳಬೇಕು. ಈ ಬೇರನ್ನು ಹೆದರಿ ಬಿಸಾಡಿ ಅನ್ನುವುದು ನನ್ನ ಮಾತಲ್ಲ. ಆಯುರ್ವೇದದಲ್ಲಿ ಯಷ್ಟಿಮಧು ಅಂದರೆ ಇದೇ. ಚರಕ ಸಂಹಿತೆ ಹೇಳುವ ನಾಲ್ಕು ಮೇಧ್ಯ (ಬುದ್ಧಿಗೆ ಬಲ ಕೊಡುವ) ರಸಾಯನಗಳಲ್ಲಿ ಹಾಲಿನ ಜೊತೆ ಯಷ್ಟಿಮಧು ಚೂರ್ಣವೂ ಒಂದು. ಒಣ ಕೆಮ್ಮು, ಗಂಟಲ ಉರಿ, ಕೂಗಿ ಕೂಗಿ ಕಟ್ಟಿದ ಧ್ವನಿ, ಹುಳಿತೇಗು, ಎದೆಯುರಿ, ಇವಕ್ಕೆ ಚೆನ್ನಾಗಿ ಹಿಡಿಯುತ್ತದೆ. ಗಂಟಲ ಮೇಲೆ ಅದು ಮಾಡುವ ಕೆಲಸವನ್ನು ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಆಪರೇಷನ್ ವೇಳೆ ಉಸಿರಿನ ಕೊಳವೆ ಇಟ್ಟಿದ್ದರಿಂದ ಎಚ್ಚರವಾದ ಮೇಲೆ ಗಂಟಲು ನೋಯುತ್ತದಲ್ಲ, ಅದಕ್ಕೆ ಲಕ್ನೋದ ಸಂಜಯ್ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ಅರಿವಳಿಕೆ ವೈದ್ಯರು ಅರಿವಳಿಕೆಗೆ ಸ್ವಲ್ಪ ಮುಂಚೆ ಅರ್ಧ ಗ್ರಾಂ ಜೇಷ್ಠಮಧುವನ್ನು 30 ಮಿ.ಲೀ. ನೀರಿನಲ್ಲಿ ಕಲಸಿ ರೋಗಿಗಳಿಂದ ಬಾಯಿ ಮುಕ್ಕಳಿಸಿಸಿದರು. ನೋವು ಕಡಿಮೆಯಾಯಿತು. 2009ರಲ್ಲಿ ಅದು ಪ್ರಕಟವಾಯಿತು. ಆಮೇಲೆ ವಿಯೆನ್ನಾದಲ್ಲಿ ಇನ್ನೂ ಹೆಚ್ಚು ರೋಗಿಗಳ ಮೇಲೆ ಮಾಡಿದಾಗಲೂ ಇಂಥದ್ದೇ ಫಲ ಬಂತು.

ಆ ಪ್ರಮಾಣ ಗಮನಿಸಿ. ಅರ್ಧ ಗ್ರಾಂ, ಅದೂ ಮುಕ್ಕಳಿಸಿ ಉಗುಳಿದ್ದು. ಗಂಟಲು ನೋವಿಗೆ ನಾನು ಮೊದಲು ಹೇಳುವುದು ಇದನ್ನೇ. ಅರ್ಧ ಗ್ರಾಂ ಪುಡಿ ಅಂದರೆ ಟೀ ಚಮಚದ ತುದಿಯಲ್ಲಿ ನಿಲ್ಲುವಷ್ಟು. ಬೆಚ್ಚಗಿನ ನೀರಿಗೆ ಹಾಕಿ, ಒಂದು ನಿಮಿಷ ಗಂಟಲಲ್ಲಿ ಗಳಗಳಿಸಿ ಉಗುಳಿ. ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೂ ಹೊಟ್ಟೆಗೆ ಹೋಗುವುದು ಅತ್ಯಲ್ಪ. ಬಿಪಿ ಇರುವವರಿಗೂ ಇದೇ ಸುರಕ್ಷಿತ ದಾರಿ.

ಈಗ ತೊಂದರೆ ಎಲ್ಲಿಂದ ಬರುತ್ತದೆ ನೋಡೋಣ. ಬೇರಿನ ಸಿಹಿಗೆ ಕಾರಣ ಗ್ಲೈಸಿರೈಜಿನ್ ಅನ್ನುವ ವಸ್ತು, ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ಕರುಳಿನಲ್ಲಿ ಅದು ಒಡೆದು ಗ್ಲೈಸಿರೆಟಿನಿಕ್ ಆಮ್ಲವಾಗಿ ರಕ್ತ ಸೇರುತ್ತದೆ. ನಮ್ಮ ಮೂತ್ರಪಿಂಡದಲ್ಲಿ ಉಪ್ಪು ಹಿಡಿದಿಡುವ ಒಂದು ಬಾಗಿಲಿದೆ ಅಂದುಕೊಳ್ಳಿ. ಅದನ್ನು ತೆರೆಯಬೇಕಾದದ್ದು ಆಲ್ಡೋಸ್ಟೆರೋನ್ ಹಾರ್ಮೋನು. ಕಾರ್ಟಿಸಾಲ್ ಹಾರ್ಮೋನಿಗೂ ಆ ಬಾಗಿಲು ತೆರೆಯಲು ಬರುತ್ತದೆ, ರಕ್ತದಲ್ಲಿ ಅದರ ಪ್ರಮಾಣವೂ ಬಹಳ ಹೆಚ್ಚು. ಹಾಗಾಗಿ ಅಲ್ಲೊಂದು ಕಿಣ್ವ ಕಾವಲಿದ್ದು, ಬಂದ ಬಂದ ಕಾರ್ಟಿಸಾಲನ್ನು ನಿಷ್ಕ್ರಿಯ ಮಾಡುತ್ತಿರುತ್ತದೆ. ಗ್ಲೈಸಿರೆಟಿನಿಕ್ ಆಮ್ಲ ಆ ಕಾವಲುಗಾರನನ್ನೇ ಕಟ್ಟಿಹಾಕುತ್ತದೆ. ಬಾಗಿಲು ತೆರೆದೇ ಇರುತ್ತದೆ. ಸೋಡಿಯಂ, ನೀರು ಒಳಗೆ ಉಳಿಯುತ್ತವೆ, ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿಹೋಗುತ್ತದೆ. ಕಾಲು ಊದುವುದು, ತಲೆನೋವು, ಬಿಪಿ ಏರುವುದು, ಮಾಂಸಖಂಡ ಸೋಲುವುದು ಎಲ್ಲವೂ ಇಲ್ಲಿಂದಲೇ.

ಇದು ಮೊದಲು ಬೆಳಕಿಗೆ ಬಂದದ್ದು ನೆದರ್ಲೆಂಡ್ಸ್‌ನಲ್ಲಿ. 1946ರಲ್ಲಿ ರೆವರ್ಸ್ ಎಂಬ ವೈದ್ಯರು ಜಠರದ ಹುಣ್ಣಿಗೆ ಜೇಷ್ಠಮಧು ಸಾರ ಕೊಟ್ಟು ನೋಡಿದರು. ಹುಣ್ಣಿನ ತೊಂದರೆ ಇಳಿಯಿತು, ಆದರೆ ಕೆಲವು ರೋಗಿಗಳ ಮೈ ಊದಿಕೊಂಡಿತು. ಮುಂದೆ ಇದೇ ಬೇರಿನ ಅಂಶದಿಂದ ಕಾರ್ಬೆನಾಕ್ಸೊಲೋನ್ ಅನ್ನುವ ಅಲ್ಸರ್ ಮಾತ್ರೆ ಬಂತು. ಅದಕ್ಕೂ ಬಿಪಿ ಏರಿಸುವ, ಪೊಟ್ಯಾಸಿಯಂ ಇಳಿಸುವ ಕಾಟ ತಪ್ಪಲಿಲ್ಲ. ಕಿಣ್ವದ ಈ ಗುಟ್ಟು ಬಿಡಿಸಿಕೊಂಡದ್ದು 1980ರ ದಶಕದಲ್ಲಿ.

ಹಾಗಾದರೆ ಎಷ್ಟು ತೆಗೆದುಕೊಂಡರೆ ಹೆಚ್ಚು? ಇಲ್ಲಿ ಕೂತು ಲೆಕ್ಕ ಹಾಕಲೇಬೇಕು. ಒಳ್ಳೆಯ ಬೇರಿನಲ್ಲಿ ಕನಿಷ್ಠ ಶೇ 4ರಷ್ಟು ಗ್ಲೈಸಿರೈಜಿನ್ ಇರಬೇಕು ಅನ್ನುತ್ತದೆ ಯುರೋಪಿನ ಔಷಧಕೋಶ. ಅಂದರೆ 1 ಗ್ರಾಂ ಪುಡಿಯಲ್ಲಿ 40 ಮಿಲಿಗ್ರಾಂ. ಒಂದು ಟೀ ಚಮಚ ಪುಡಿ ಸುಮಾರು 2ರಿಂದ 3 ಗ್ರಾಂ ತೂಗುತ್ತದೆ, ಅಲ್ಲಿಗೆ 80ರಿಂದ 120 ಮಿಲಿಗ್ರಾಂ. ದಿನಾ ತಿನ್ನುವುದಾದರೆ 100 ಮಿಲಿಗ್ರಾಂ ದಾಟಬಾರದು ಎಂದು ಯುರೋಪಿನ ಆಹಾರ ತಜ್ಞರ ಸಮಿತಿ ಹೇಳಿದೆ. ಆ ಮಿತಿಯೂ ತುಸು ಉದಾರವಾಯಿತು ಅನ್ನಿಸುತ್ತದೆ. 2024ರಲ್ಲಿ ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣ ತರುಣಿಯರಿಗೆ ದಿನಕ್ಕೆ ಅಷ್ಟೇ 100 ಮಿಲಿಗ್ರಾಂ ಎರಡು ವಾರ ಕೊಟ್ಟರು. ಮೇಲಿನ ಬಿಪಿ ಸರಾಸರಿ 3 ಅಂಕ ಏರಿತ್ತು. ಇಪ್ಪತ್ತೈದರ ಹರೆಯಕ್ಕೆ 3 ಅಂಕ ಏನೂ ಅನ್ನಿಸದಿರಬಹುದು. ಆದರೆ ಏರಿಕೆ ಎಲ್ಲರಿಗೂ ಒಂದೇ ಸಮ ಇರಲಿಲ್ಲ. ಅರವತ್ತು ದಾಟಿ, ಮಾತ್ರೆ ನುಂಗಿಯೂ 150ರ ಹತ್ತಿರ ಓಡಾಡುತ್ತಿರುವವರಿಗೆ ಇಂಥ ಏರಿಕೆ ಬೇಡವೇ ಬೇಡ.

ಭಾರತದ ಆಯುರ್ವೇದ ಔಷಧಕೋಶ ದಿನಕ್ಕೆ 2ರಿಂದ 4 ಗ್ರಾಂ ಚೂರ್ಣ ಹೇಳುತ್ತದಲ್ಲ, ಅದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಅದು ವೈದ್ಯರು ನಾಡಿ ಹಿಡಿದು ನೋಡಿ, ಇಷ್ಟು ದಿನ ಎಂದು ಹೇಳಿ, ರೋಗಿಗೆ ಕೊಡುವ ಪ್ರಮಾಣ. ಕಾಫಿಯ ಬದಲಿಗೆ ವರ್ಷವಿಡೀ ಕುಡಿಯಲು ಬರೆದದ್ದಲ್ಲ.

ಇನ್ನೊಂದು ಮಾತು. ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಿದರೆ ಅದರಲ್ಲಿದ್ದ ಗ್ಲೈಸಿರೈಜಿನ್ ಅಷ್ಟೂ ಹೊಟ್ಟೆಗೆ. ತುಂಡು ಹಾಕಿ ಕಷಾಯ ಮಾಡಿ ಸೋಸಿದರೆ ಸ್ವಲ್ಪ ಭಾಗ ಚರಟದಲ್ಲೇ ಉಳಿಯುತ್ತದೆ. ಅದಕ್ಕೇ ಮನೆ ಬಳಕೆಗೆ ಪುಡಿಗಿಂತ ತುಂಡು ಮೇಲು.

ತುಂಡು ಕೊಳ್ಳುವಾಗ ಮುರಿದು ನೋಡಿ. ಹೊರಗೆ ಬೂದು ಕಂದು ಸಿಪ್ಪೆ, ಉದ್ದುದ್ದ ಸುಕ್ಕು. ಮುರಿದ ಜಾಗದಲ್ಲಿ ಒಳಗೆಲ್ಲ ಹಳದಿ, ನಾರು ನಾರಾಗಿ ಎಳೆ ಬಿಟ್ಟುಕೊಳ್ಳಬೇಕು. ಅಗಿದರೆ ಸಿಹಿ ನಿಧಾನವಾಗಿ ಏರಿ, ಉಗುಳಿದ ಮೇಲೂ ಬಾಯಲ್ಲಿ ಬಹಳ ಹೊತ್ತು ನಿಲ್ಲಬೇಕು. ಒಳಗೆ ಕಪ್ಪು ಕಲೆ, ಮುಗ್ಗಲು ವಾಸನೆ, ಸೂಜಿಮೊನೆಯಂಥ ತೂತು, ಕೆಳಗೆ ಉದುರಿದ ಹಿಟ್ಟು ಇದ್ದರೆ ಬೇಡ. ನಮ್ಮಲ್ಲಿಗೆ ಇದು ಹೆಚ್ಚಾಗಿ ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಬರುವ ಸರಕು, ದಾರಿಯಲ್ಲಿ, ಗೋದಾಮಿನಲ್ಲಿ ತೇವ ಹಿಡಿಯುವುದುಂಟು. ಬೂಷ್ಟು ಹಿಡಿದ ಜೇಷ್ಠಮಧುವಿನಲ್ಲಿ ಮೂತ್ರಪಿಂಡಕ್ಕೆ ಕೇಡು ಮಾಡುವ ಆಕ್ರಾಟಾಕ್ಸಿನ್ ವಿಷ ಸೇರಿರಬಹುದು, ಕುದಿಸಿದರೆ ಹೋಗುವಂಥದ್ದಲ್ಲ. ಪುಡಿಗೆ ಹಿಟ್ಟು ಬೆರೆಸಿದ್ದಾರೋ ನೋಡಲು ಅಯೋಡಿನ್ ಹನಿ ಹಾಕಿ ಎಂಬ ವಾಟ್ಸ್ಆಪ್ ಸಲಹೆಯನ್ನು ನಂಬಬೇಡಿ. ಈ ಬೇರಿನಲ್ಲೇ ಪಿಷ್ಟ ಧಾರಾಳವಾಗಿದೆ, ಶುದ್ಧ ಪುಡಿಯೂ ನೀಲಿಗಪ್ಪಾಗುತ್ತದೆ. ಗುಲಗಂಜಿ ಬಳ್ಳಿಯ ಬೇರನ್ನು ಜೇಷ್ಠಮಧುವಿನ ಬದಲು ಬಳಸುವ ರೂಢಿಯೂ ಹಳೆಯದು. ಬೇಲಿಯಲ್ಲಿ ಸಿಕ್ಕ ಗುಲಗಂಜಿಯನ್ನು ಕಿತ್ತು ಮನೆಮದ್ದು ಮಾಡಲು ಹೋಗಬೇಡಿ. ಅದರ ಕೆಂಪು ಕಾಳಿನ ವಿಷ ಜೀವ ತೆಗೆಯುವಂಥದ್ದು.

ಕೆಮ್ಮಿಗೆ ಮಾಡುವ ಕ್ರಮ ಸುಲಭ. ಒಂದೂವರೆ ಗ್ರಾಂ ಬೇರು, ಅಂದರೆ ಪೆನ್ಸಿಲ್ ದಪ್ಪದ್ದಾದರೆ ಸುಮಾರು ಎರಡು ಅಂಗುಲ. ದಪ್ಪ ಬದಲಾದರೆ ತೂಕವೂ ಬದಲಾಗುತ್ತದೆ, ಹಾಗಾಗಿ ಮೊದಲ ಸಲ ಚಿಕ್ಕ ತಕ್ಕಡಿಯಲ್ಲಿ ತೂಗಿ ಕಣ್ಣಳತೆ ಮಾಡಿಕೊಳ್ಳಿ. ಸಿಪ್ಪೆ ಹೆರೆದರೆ ಕಟು ರುಚಿ ಕಡಿಮೆ. ಕುಟ್ಟಾಣಿಯಲ್ಲಿ ಜಜ್ಜಿ, ಕುದಿಯುವ ನೀರು 150 ಮಿ.ಲೀ. ಹೊಯ್ದು, ಮುಚ್ಚಿ ಹತ್ತು ನಿಮಿಷ ಬಿಟ್ಟು ಸೋಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಐದು ದಿನ, ಹೆಚ್ಚೆಂದರೆ ಒಂದು ವಾರ. ಅಷ್ಟರಲ್ಲಿ ಕೆಮ್ಮು ಇಳಿಯದಿದ್ದರೆ ಕಷಾಯ ಗಟ್ಟಿ ಮಾಡುವುದು ಉಪಾಯವಲ್ಲ, ಎದೆ ತೋರಿಸಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಬಹಳ ಜನ ಎಡವುವುದು ಬೇರನ್ನು ಬೆಳಿಗ್ಗೆಯಿಂದ ಪಾತ್ರೆಯಲ್ಲೇ ಬಿಟ್ಟು, ನೀರು ಸೇರಿಸಿ ಸೇರಿಸಿ ಕುದಿಸುವಲ್ಲಿ. ಆಗ ಎಷ್ಟು ಸಾರ ಹೊಟ್ಟೆಗೆ ಹೋಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಎದೆಯುರಿಗೆ ಹಲವು ವಾರ ಬೇಕೇ ಬೇಕು ಎಂದಾದರೆ ಗ್ಲೈಸಿರೈಜಿನ್ ತೆಗೆದ, ‘ಡಿಜಿಎಲ್’ ಎಂದು ಬರೆದ ಜಗಿಯುವ ಮಾತ್ರೆ ಸಿಗುತ್ತದೆ, ವೈದ್ಯರನ್ನು ಕೇಳಿ.

ಯಾರು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು? ಬಿಪಿ, ಹೃದಯ ವೈಫಲ್ಯ, ಮೂತ್ರಪಿಂಡದ ಕಾಯಿಲೆ, ಪೊಟ್ಯಾಸಿಯಂ ಕಡಿಮೆ ಇರುವವರು. ಮಾತ್ರೆಗಳಲ್ಲಿ ಮುಖ್ಯವಾಗಿ ನೀರು ಇಳಿಸುವಂಥವು: ಫ್ಯೂರೋಸಮೈಡ್, ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್. ಇವೂ ಪೊಟ್ಯಾಸಿಯಂ ಹೊರಹಾಕುತ್ತವೆ, ಜೇಷ್ಠಮಧು ಸೇರಿದರೆ ಎರಡೂ ಕಡೆಯಿಂದ ಸೋರಿಕೆ. ನಾನು ಅದನ್ನೆಲ್ಲ ತೆಗೆದುಕೊಳ್ಳುತ್ತಿಲ್ಲ ಅನ್ನುವ ಮುಂಚೆ ಬಿಪಿ ಮಾತ್ರೆಯ ಪಟ್ಟಿ ತಿರುಗಿಸಿ ನೋಡಿ. ಹೆಸರಿನ ಕೊನೆಗೆ ‘ಎಚ್’ ಅಥವಾ ‘ಸಿಟಿ’ ಇದ್ದರೆ ಸಾಮಾನ್ಯವಾಗಿ ಇವುಗಳಲ್ಲೊಂದು ಒಳಗಿರುತ್ತದೆ. ಹೃದಯದ ಕಾಯಿಲೆಗೆ ಕೊಡುವ ಡೈಜಾಕ್ಸಿನ್ ನುಂಗುವವರಿಗೆ ಪೊಟ್ಯಾಸಿಯಂ ಇಳಿದರೆ ಆ ಮಾತ್ರೆಯೇ ವಿಷವಾಗಬಹುದು. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್‌ನ ಪರಿಣಾಮವೂ ಬಲಗೊಳ್ಳುತ್ತದೆ. ಮಲಬದ್ಧತೆಗೆ ಮಾರುವ ಸ್ವಾದಿಷ್ಟ ವಿರೇಚನ ಚೂರ್ಣದಲ್ಲಿ ಸೋನಾಮುಖಿಯ ಜೊತೆ ಜೇಷ್ಠಮಧುವೂ ಇದೆ. ಸೋನಾಮುಖಿ ಭೇದಿಯಲ್ಲಿ ಪೊಟ್ಯಾಸಿಯಂ ಕಳೆಯುತ್ತದೆ, ಜೇಷ್ಠಮಧು ಮೂತ್ರದಲ್ಲಿ. ದಿನಾ ರಾತ್ರಿ ಒಂದು ಚಮಚ ಎಂದು ವರ್ಷಗಟ್ಟಲೆ ತಿನ್ನುವ ವಯಸ್ಸಾದವರು ಪ್ರತಿ ಊರಲ್ಲೂ ಇದ್ದಾರೆ, ದಯವಿಟ್ಟು ನಿಮ್ಮ ಮನೆಯ ಡಬ್ಬಿ ನೋಡಿ. ಸಕ್ಕರೆ ಕಾಯಿಲೆಯವರು ಚಹಾಕ್ಕೆ ಸಕ್ಕರೆ ಬದಲು ಈ ಪುಡಿ ಹಾಕುವುದೂ ಬೇಡ. ಸಕ್ಕರೆ ಏರದಿರಬಹುದು, ಆದರೆ ಅವರಲ್ಲಿ ಬಹುತೇಕರಿಗೆ ಬಿಪಿಯೂ ಇರುತ್ತದೆ.

ಬಸುರಿಯರಿಗೆ ಬೇಡ. ಲಿಕೊರೈಸ್ (ಜೇಷ್ಠಮಧುವಿನ ಇಂಗ್ಲಿಷ್ ಹೆಸರು) ಮಿಠಾಯಿ ಹೆಚ್ಚಾಗಿ ತಿನ್ನುವ ಫಿನ್ಲೆಂಡಿನಲ್ಲಿ ಸಂಶೋಧಕರು ವಾರಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಗ್ಲೈಸಿರೈಜಿನ್ ತಿಂದ ಗರ್ಭಿಣಿಯರ ಮಕ್ಕಳನ್ನು ವರ್ಷಗಳ ನಂತರ ಪರೀಕ್ಷಿಸಿದಾಗ ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರು ಹಿಂದುಳಿದಿದ್ದರು. ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಗರ್ಭಿಣಿಯರು ತಿನ್ನಬಾರದವುಗಳ ಪಟ್ಟಿಗೆ ಇದನ್ನು ಸೇರಿಸಿದೆ. ಬಸುರಿನಲ್ಲಿ ಬಿಪಿ ಏರಿದ್ದವರು ಬಾಣಂತನದ ಲೇಹ್ಯದಲ್ಲಿ ಏನಿದೆ ಎಂದು ಕೇಳಿಯೇ ತಿನ್ನಬೇಕು. ಹಸುಗೂಸಿಗೆ ತೇಯ್ದು ನೆಕ್ಕಿಸುವ ಪದ್ಧತಿ ಬಗ್ಗೆ ಅಜ್ಜಿಯರು ಬೇಸರ ಮಾಡಿಕೊಳ್ಳಬಾರದು: ಆರು ತಿಂಗಳವರೆಗೆ ತಾಯಿ ಹಾಲೊಂದೇ ಸಾಕು, ಒಂದು ವರ್ಷದೊಳಗೆ ಜೇನುತುಪ್ಪವಂತೂ ಕೂಡದು.

ಕುಡಿಯುತ್ತಿರುವವರಿಗೆ ಬೆಳಿಗ್ಗೆ ಎದ್ದಾಗ ತಲೆಭಾರ, ಚಪ್ಪಲಿ ಬಿಗಿಯಾಗುವಂತೆ ಪಾದ ಊದುವುದು, ಮೆಟ್ಟಿಲು ಹತ್ತುವಾಗ ತೊಡೆ ಸೋಲುವುದು, ಮೀನಖಂಡ ಹಿಡಿದುಕೊಳ್ಳುವುದು ಶುರುವಾದರೆ ಆ ದಿನವೇ ನಿಲ್ಲಿಸಿ. ಬಿಪಿ ನೋಡಿಸಿ, ‘ಸೀರಮ್ ಎಲೆಕ್ಟ್ರೊಲೈಟ್ಸ್’ ರಕ್ತಪರೀಕ್ಷೆ ಮಾಡಿಸಿ. ಪೊಟ್ಯಾಸಿಯಂ 3.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದು ಲೆಕ್ಕ. ಎದೆ ಡವಗುಟ್ಟಿದರೆ, ತಲೆಸುತ್ತಿ ಬಿದ್ದರೆ ಲ್ಯಾಬಿಗೆ ಹೋಗಿ ಕಾಯಬೇಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಿ. ಎಳನೀರು ಕುಡಿದು ಸರಿಮಾಡಿಕೊಳ್ಳುತ್ತೇನೆ ಎಂಬುದು ನಡೆಯದ ಮಾತು. ಕಿಣ್ವ ಕಟ್ಟಿಹೋಗಿರುವಷ್ಟು ಕಾಲ ಮೂತ್ರಪಿಂಡ ಪೊಟ್ಯಾಸಿಯಂ ಚೆಲ್ಲುತ್ತಲೇ ಇರುತ್ತದೆ. ಕಷಾಯ ಬಿಟ್ಟ ಮೇಲೂ ಇದು ಕೆಲವು ವಾರ ಉಳಿಯಬಹುದು. ವೈದ್ಯರು ಕೇಳದಿದ್ದರೂ ‘ಜೇಷ್ಠಮಧು ಇಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೇನೆ’ ಎಂದು ನೀವೇ ಹೇಳಿ. ಹೇಳದಿದ್ದರೆ ಏರಿದ ಬಿಪಿಗೆ ಇನ್ನೊಂದು ಮಾತ್ರೆ ಸೇರುತ್ತದೆ, ಅದು ನೀರಿಳಿಸುವ ಮಾತ್ರೆಯೇ ಆಗಿಬಿಟ್ಟರೆ ಪೊಟ್ಯಾಸಿಯಂ ಇನ್ನಷ್ಟು ಕುಸಿಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 54 ವರ್ಷದ ಕಟ್ಟಡ ಕಾರ್ಮಿಕರೊಬ್ಬರು ಮೂರು ವಾರ ದಿನಾ ಒಂದೆರಡು ದೊಡ್ಡ ಪ್ಯಾಕೆಟ್ ಲಿಕೊರೈಸ್ ಮಿಠಾಯಿ ತಿಂದು, ಪೊಟ್ಯಾಸಿಯಂ ಕುಸಿದು, ಹೃದಯ ನಿಂತು ಹೋದ ಪ್ರಕರಣ 2020ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಅಷ್ಟು ಪ್ರಮಾಣ ನಮ್ಮಲ್ಲಿ ಯಾರೂ ತಿನ್ನಲಿಕ್ಕಿಲ್ಲ. ಆದರೆ ನಮ್ಮಲ್ಲಿ ಕಷಾಯ, ಕೆಮ್ಮಿನ ಸಿರಪ್, ಚೂರ್ಣ, ಬೀಡಾದಲ್ಲಿನ ತುಂಡು ಎಂದು ಒಬ್ಬರ ಹೊಟ್ಟೆಗೇ ನಾಲ್ಕು ದಾರಿಯಲ್ಲಿ ಹೋಗುತ್ತದೆ.

ಯುರೋಪಿನಲ್ಲಿ ಜೇಷ್ಠಮಧು ಹೆಚ್ಚಿರುವ ಮಿಠಾಯಿಯ ಮೇಲೆ ‘ರಕ್ತದೊತ್ತಡ ಇರುವವರು ಅತಿಯಾಗಿ ತಿನ್ನಬಾರದು’ ಎಂದು ಅಚ್ಚು ಹಾಕುವುದು ಕಡ್ಡಾಯ. ನಮ್ಮಲ್ಲಿ ಆಯುರ್ವೇದ ಔಷಧದ ಬಾಟಲಿಯ ಮೇಲೆ ಯಾವ ಮೂಲಿಕೆ ಎಷ್ಟು ಎಂದಾದರೂ ಬರೆದಿರುತ್ತದೆ. ಆಹಾರ ಎಂದು ಮಾರುವ ಕಷಾಯದ ಪುಡಿ, ಹರ್ಬಲ್ ಟೀ ಪ್ಯಾಕೆಟ್‌ಗಳಲ್ಲಿ ಸಾಮಾನ್ಯವಾಗಿ ಹೆಸರು ಮಾತ್ರ. ಕಷಾಯದ ಪುಡಿ ಮಾಡಿ ಮಾರುವ ಗೃಹೋದ್ಯಮದವರು, ಸ್ವಸಹಾಯ ಸಂಘದ ಅಕ್ಕಂದಿರು ಕಾನೂನು ಬರುವವರೆಗೆ ಕಾಯಬೇಕಿಲ್ಲ. ಲೇಬಲ್ಲಿನಲ್ಲಿ ಎರಡು ಸಾಲು ಸೇರಿಸಿ: ಒಂದು ಚಮಚಕ್ಕೆ ಜೇಷ್ಠಮಧು ಎಷ್ಟು ಗ್ರಾಂ, ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮತ್ತು ಗರ್ಭಿಣಿಯರು ಬಳಸಬಾರದು. ದಿನಬಳಕೆಗೆಂದೇ ಮಾರುವ ಪುಡಿಯಾದರೆ ಜೇಷ್ಠಮಧು ಬಿಟ್ಟೇ ಮಾಡಿ. ಕೊತ್ತಂಬರಿ, ಜೀರಿಗೆ, ಸೋಂಪು, ಏಲಕ್ಕಿ ಹಾಕಿ, ಸಿಹಿ ಬೇಕಾದವರು ಲೋಟಕ್ಕೆ ಚೂರು ಬೆಲ್ಲ ಹಾಕಿಕೊಳ್ಳಲಿ.