ಎಲ್ಲವೂ ‘ನೇರವಾಗಿ ಹೋಗು’ ಅಲ್ಲ

ಇಂಗ್ಲಿಷ್ ಕಲಿಸುವ ಕೈಪಿಡಿಗಳು ನುಡಿಗಟ್ಟುಗಳನ್ನು ಪಟ್ಟಿ ಮಾಡಿ ಮುಂದಿಡುವ ರೀತಿಯ ಬಗ್ಗೆ ನನಗೆ ಬಹುಕಾಲದಿಂದ ತಕರಾರಿದೆ. ‘ಹೆಡ್ ಫಾರ್’, ‘ಮೇಕ್ ಎ ಬೀಲೈನ್ ಫಾರ್’, ‘ಬೇರ್ ಡೌನ್ ಆನ್’, ‘ಹೋಮ್ ಇನ್ ಆನ್’ ಎಂದು ಒಂದರ ಕೆಳಗೊಂದು ಬರೆದು, ಎಲ್ಲದರ ಎದುರಿಗೂ ‘ನೇರವಾಗಿ ಹೋಗು’ ಎಂದು ಅಂಟಿಸಿಬಿಟ್ಟರೆ ಕಲಿಯುವವರ ಕೈಗೆ ಸಿಗುವುದು ಅರ್ಥದ ಸಿಪ್ಪೆ ಮಾತ್ರ. ಈ ಮಾತುಗಳು ಹೇಳುವುದು ದಾರಿ ಎಷ್ಟು ನೆಟ್ಟಗಿದೆ ಎಂಬುದನ್ನಲ್ಲ, ಹೋಗುವವನ ಮನಸ್ಸು ಎಲ್ಲಿ ನೆಟ್ಟಿದೆ ಎಂಬುದನ್ನು. ಕಿಕ್ಕಿರಿದ ಕೋಣೆಯಲ್ಲಿ ಒಬ್ಬಾತ ಕುರ್ಚಿಗಳನ್ನು ಸುತ್ತಿ, ಜನರ ನಡುವೆ ನುಸುಳಿ, ಸೊಟ್ಟಸೊಟ್ಟಗೆ ನಡೆದು ಊಟದ ಮೇಜನ್ನು ಸೇರಿದರೂ ಇಂಗ್ಲಿಷ್ ಅದನ್ನು ‘ಬೀಲೈನ್’ ಎಂದೇ ಕರೆಯುತ್ತದೆ. ನಡುವೆ ಅವನು ಇನ್ಯಾವುದಕ್ಕೂ ನಿಲ್ಲಲಿಲ್ಲ ಎಂಬುದಷ್ಟೇ ಅಲ್ಲಿ ಮುಖ್ಯ.

ನನ್ನನ್ನು ಕೇಳಿದರೆ, ನುಡಿಗಟ್ಟುಗಳಿಗಿಂತ ಮೊದಲು ಕಲಿಯಬೇಕಾದದ್ದು ಅವುಗಳ ಬಾಲದಲ್ಲಿ ಕುಳಿತಿರುವ ಪುಟ್ಟ ಪದಗಳನ್ನು. ‘ರ್‍ಯಾನ್ ಟು ದ ಹೌಸ್’ ಎಂದರೆ ಓಡಿದವನು ಮನೆಯನ್ನು ತಲುಪಿದ್ದಾನೆ. ‘ಟುವರ್ಡ್ಸ್’ ಎಂದರೆ ಮುಖ ಅತ್ತ ಇತ್ತು, ತಲುಪಿದನೋ ಇಲ್ಲವೋ ಎಂಬುದನ್ನು ವಾಕ್ಯ ಹೇಳುವುದಿಲ್ಲ. ‘ರ್‍ಯಾನ್ ಫಾರ್ ದ ಬಸ್’ ಎಂದರೆ ಬಸ್ಸು ಹಿಡಿಯುವ ಆಸೆ ಇತ್ತು. ಆಸೆ ಕೈಗೂಡಿತೆಂಬ ಭರವಸೆ ಇಲ್ಲ. ‘ರ್‍ಯಾನ್ ಅಟ್ ಹಿಮ್’ ಎಂದೊಡನೆ ಇಡೀ ಚಿತ್ರವೇ ಬದಲಾಗುತ್ತದೆ, ಅಲ್ಲಿ ಹೊಡೆದಾಟದ ವಾಸನೆ ಬರುತ್ತದೆ. ಚೆಂಡನ್ನು ಒಬ್ಬನ ಕಡೆಗೆ ‘ಟು’ ಎಂದು ಎಸೆದರೆ ಅವನು ಹಿಡಿಯಲಿ ಎಂದು, ‘ಅಟ್’ ಎಂದು ಎಸೆದರೆ ಅವನಿಗೆ ತಗಲಲಿ ಎಂದು. ಎರಡಕ್ಷರದ ಪದವೊಂದು ಸ್ನೇಹವನ್ನು ಹಗೆಯಿಂದ ಬೇರ್ಪಡಿಸುತ್ತಿರುವಾಗ, ಅದನ್ನು ಬಿಟ್ಟು ನೂರು ನುಡಿಗಟ್ಟುಗಳನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ನಮಗೆ ಇಲ್ಲಿ ಕಷ್ಟವಾಗುವುದಕ್ಕೆ ಕಾರಣವೂ ಇದೆ. ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಅವರು ಭಾಷೆಗಳು ಚಲನೆಯ ದಾರಿಯನ್ನು ಎಲ್ಲಿ ಇಡುತ್ತವೆ ಎಂಬುದನ್ನು ನೋಡಿ ಅವನ್ನು ವಿಂಗಡಿಸಿದರು: ಕೆಲವು ಕ್ರಿಯಾಪದದೊಳಗೇ ಇಡುತ್ತವೆ, ಇಂಗ್ಲಿಷಿನಂಥವು ಕ್ರಿಯಾಪದದ ಹೊರಗಿನ ಪುಟ್ಟ ಪದಗಳ ಮೇಲೆ ಹೊರಿಸುತ್ತವೆ. ಕನ್ನಡದಲ್ಲಿ ನಾವು ಒಂದು ಕ್ರಿಯೆಗೆ ಇನ್ನೊಂದನ್ನು ಜೋಡಿಸಿ ‘ಓಡಿ ಹೋದ’, ‘ನುಗ್ಗಿ ಬಂದ’, ‘ಏರಿ ಬಂದ’ ಎನ್ನುತ್ತೇವೆ. ಹಾಗೆ ಜೋಡಿಸಿದಾಗ ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದೂ ತಾನಾಗಿಯೇ ತಿಳಿಯುತ್ತದೆ, ಏಕೆಂದರೆ ‘ಹೋದ’ ಮತ್ತು ‘ಬಂದ’ಗಳಲ್ಲಿ ಒಂದನ್ನು ಆರಿಸಲೇಬೇಕು. ಬಾಗಿಲಿನತ್ತ ಸಾಗಿದ್ದನ್ನು ಹೇಳುವ ‘ಮೇಡ್ ಫಾರ್ ದ ಡೋರ್’ ಎಂಬ ವಾಕ್ಯಕ್ಕೆ ಆ ಹಂಗಿಲ್ಲ.

ನುಡಿಗಟ್ಟುಗಳಲ್ಲಿ ಕೆಲವು ಸಮುದ್ರದಿಂದ ಬಂದವು. ಹಾಯಿಹಡಗುಗಳ ಕಾಲದಲ್ಲಿ ‘ಬೇರ್ ಡೌನ್’ ಎಂದರೆ ಗಾಳಿ ಬೀಸಿ ಬರುವ ಕಡೆಯಿದ್ದ ಹಡಗು, ಆ ಗಾಳಿಯನ್ನೇ ಬೆನ್ನಿಗೆ ಹಾಕಿಕೊಂಡು ಇನ್ನೊಂದರ ಮೇಲೆ ಸಾಗಿ ಬರುವುದು. ಕಾಳಗದಲ್ಲಿ ಆ ಸ್ಥಾನದಲ್ಲಿದ್ದವನದೇ ಮೇಲುಗೈ. ಹೀಗಾಗಿ ಇಂದಿಗೂ ಆ ಮಾತಿನಲ್ಲಿ ಬೆದರಿಕೆ ಉಳಿದಿದೆ. ಲಾರಿಯೊಂದು ಪಾದಚಾರಿಯ ಮೇಲೆ ಹಾಗೆ ಬರಬಹುದು, ತಾಯಿ ಮಗುವನ್ನು ಎತ್ತಿಕೊಳ್ಳಲು ಹಾಗೆ ಬರುವುದಿಲ್ಲ. ‘ಹೆಡ್ ಫಾರ್’ ಮಾತ್ರ ತಣ್ಣಗಿನದು, ಹಡಗಿನ ಮೂತಿ ಯಾವ ಕಡೆಗಿದೆ ಎಂದಷ್ಟೇ ಅದಕ್ಕೆ ಗೊತ್ತು. ಆದ್ದರಿಂದಲೇ ತನಗರಿವಿಲ್ಲದೆ ದಿವಾಳಿಯತ್ತ ಸಾಗುವ ವ್ಯಾಪಾರಿಯನ್ನು ‘ಹೆಡೆಡ್ ಫಾರ್’ ಎಂದು ವರ್ಣಿಸಬಹುದು. ಅವನು ದಿವಾಳಿಗೆ ‘ಬೀಲೈನ್’ ಹಿಡಿದ ಎಂದರೆ, ದಿವಾಳಿಯಾಗಲೆಂದೇ ಕಾತರದಿಂದ ಓಡಿದ ಎಂಬ ಲೇವಡಿಯಾಗುತ್ತದೆ.

ಈ ಗುಂಪಿನಲ್ಲಿ ನನಗೆ ಬಹಳ ಇಷ್ಟವಾದದ್ದು ಬೀಲೈನೇ, ಅಂದರೆ ಜೇನುಹುಳುವಿನ ಗೆರೆ. ಇದು ಹತ್ತೊಂಬತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ರೂಢಿಗೆ ಬಂದ ಮಾತು. ಕಾಡಿನಲ್ಲಿ ಜೇನು ಹುಡುಕುವವರು ಹುಳುಗಳನ್ನು ಹಿಡಿದು, ಸಿಹಿ ಉಣಿಸಿ ಬಿಟ್ಟು, ಅವು ಹಾರುವ ದಿಕ್ಕನ್ನು ಗುರುತು ಮಾಡಿಕೊಳ್ಳುತ್ತಿದ್ದರು. ದೂರದ ಇನ್ನೊಂದು ಜಾಗದಿಂದ ಮತ್ತೆ ಕೆಲವನ್ನು ಬಿಟ್ಟರೆ ಎರಡು ಗೆರೆಗಳು ಕೂಡುವ ಕಡೆ ಗೂಡಿನ ಮರ ಇರುತ್ತಿತ್ತು. ಹೂವು ಹುಡುಕುವಾಗ ಎಲ್ಲೆಂದರಲ್ಲಿ ಅಲೆಯುವ ಹುಳು, ಹೊಟ್ಟೆ ತುಂಬಿದ ಮೇಲೆ ಮನೆಗೆ ಮಾತ್ರ ಗೆರೆ ಕೊರೆದಂತೆ ಹಾರುತ್ತದೆ. ಜೇನ್ನೊಣಗಳ ನೃತ್ಯವನ್ನು ಅರ್ಥೈಸಿ 1973ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಕಾರ್ಲ್ ಫಾನ್ ಫ್ರಿಶ್ ಇನ್ನೂ ಸೊಗಸಾದ ಸಂಗತಿಯೊಂದನ್ನು ಕಂಡುಕೊಂಡಿದ್ದರು. ಗುಡ್ಡವನ್ನು ಬಳಸಿಕೊಂಡು ಆಹಾರದ ಬಳಿಗೆ ಹೋಗಿ ಬಂದ ಹುಳುವೂ, ಗೂಡಿಗೆ ಮರಳಿ ಕುಣಿಯುವಾಗ ತಾನು ಹಾರಿದ ವಕ್ರ ದಾರಿಯ ದಿಕ್ಕನ್ನಲ್ಲ, ಆಹಾರವಿರುವ ನೇರ ದಿಕ್ಕನ್ನೇ ತೋರಿಸುತ್ತದೆ. ಕಾಲು ಬಳಸಿ ನಡೆದರೂ ಗುರಿ ಬಳಸದ ಮನುಷ್ಯನಿಗೆ ಅಮೆರಿಕದ ಜೇನುಬೇಟೆಗಾರರು ಇದಕ್ಕಿಂತ ಒಪ್ಪುವ ಮಾತನ್ನು ಕೊಡಲಾಗುತ್ತಿರಲಿಲ್ಲ.

ಕಾಗೆಗೆ ಈ ಗೌರವ ಸಲ್ಲದು. ‘ಆ್ಯಸ್ ದ ಕ್ರೋ ಫ್ಲೈಸ್’ ಎಂಬುದು ದೂರವನ್ನು ಅಳೆಯುವ ಮಾತು, ಅದರಿಂದ ಯಾರೂ ಎಲ್ಲಿಗೂ ಹೋಗುವುದಿಲ್ಲ. ಅಲ್ಲದೆ ಕಾಗೆ ಅಷ್ಟೇನೂ ನೇರವಾಗಿ ಹಾರುವ ಹಕ್ಕಿಯೂ ಅಲ್ಲ. ಮೂಗಿನ ವಿಷಯ ಇನ್ನೂ ತಮಾಷೆಯದು: ದಾರಿ ಕೇಳಿದವರಿಗೆ ‘ಫಾಲೋ ಯುವರ್ ನೋಸ್’ ಎಂದರೆ ಸೀದಾ ಮುಂದೆ ಹೋಗಿ ಎಂದರ್ಥ, ಆದರೆ ಕನ್ನಡದಲ್ಲಿ ತನ್ನ ಮೂಗಿನ ನೇರಕ್ಕೆ ಹೋಗುವವನು ಬೇರೆಯವರ ಮಾತಿಗೆ ಸೊಪ್ಪು ಹಾಕದವನು.

ಕೊನೆಗೆ ಜಗಳದ ಪದ. ‘ಹೋಮ್ ಇನ್’ ಎಂಬುದರ ಹಿಂದೆ ಗೂಡಿಗೆ ಮರಳುವ ಪಾರಿವಾಳವಿದೆ. ಅಲ್ಲಿಂದ ಅದು ವಿಮಾನಗಳಿಗೂ ಕ್ಷಿಪಣಿಗಳಿಗೂ ದಾಟಿತು. ಇದನ್ನೇ ಅನೇಕರು ‘ಹೋನ್ ಇನ್’ ಎನ್ನುತ್ತಾರೆ. ಹೋನ್ ಎಂದರೆ ಸಾಣೆ ಹಿಡಿಯುವುದು, ಅದಕ್ಕೂ ಚಲನೆಗೂ ಸಂಬಂಧವಿಲ್ಲ. 1980ರ ಅಮೆರಿಕದ ಚುನಾವಣಾ ಪ್ರಚಾರದಲ್ಲಿ ಮುಂದೆ ಅಧ್ಯಕ್ಷರಾದ ಹಿರಿಯ ಜಾರ್ಜ್ ಬುಷ್ ಹೀಗೆ ಹೇಳಿದ್ದು ಪತ್ರಿಕಾ ಅಂಕಣಗಳಲ್ಲಿ ಚರ್ಚೆಯಾಗಿತ್ತು. ಅದಾದ ಮೇಲೂ ಆ ಬಳಕೆ ನಿಂತಿಲ್ಲ, ನಿಘಂಟುಗಳೊಳಗೂ ಜಾಗ ಮಾಡಿಕೊಂಡಿದೆ. ಮೊನಚು ಮಾಡುತ್ತಾ ಮಾಡುತ್ತಾ ಬಿಂದುವಿಗೆ ಬರುವ ಕಲ್ಪನೆ ಅಷ್ಟೇನೂ ಕೆಟ್ಟದ್ದಲ್ಲ ಎಂದು ನನಗನ್ನಿಸಿದರೂ ಬರೆಯುವಾಗ ನಾನು ಪಾರಿವಾಳದ ಪಕ್ಷವೇ. ಈ ವಾದವೇ ಬೇಡ ಎನ್ನುವವರಿಗೆ ಬಂದೂಕಿನ ಗುರಿ ಹೊಂದಿಸುವುದರಿಂದ ಬಂದ ‘ಝೀರೋ ಇನ್’ ಇದೆ. ಅದರ ಕಾಗುಣಿತದ ಬಗ್ಗೆ ಯಾರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.