ಸೂಪರ್‌ಚಾರ್ಜರ್ ಜೊತೆಗೆ ಟರ್ಬೊ: ಕಷ್ಟವಿರುವುದು ಹಸ್ತಾಂತರದಲ್ಲಿ

ಎಂಜಿನ್‌ನೊಳಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಮತ್ತು ಟರ್ಬೊಚಾರ್ಜರ್ ಎರಡನ್ನೂ ಒಂದೇ ಎಂಜಿನ್‌ಗೆ ಕೂರಿಸುವ ವಿಚಾರ ಬಂದಾಗಲೆಲ್ಲ ಕಾರುಪ್ರಿಯರ ಮಾತು ನೇರವಾಗಿ ಹಾರ್ಸ್‌ಪವರ್‌ನತ್ತ ಓಡುತ್ತದೆ. ಒಂದರಿಂದ ಇಷ್ಟು ಬಂದರೆ ಎರಡರಿಂದ ಎಷ್ಟು ಬರಬಹುದು ಎಂಬ ಲೆಕ್ಕ ಶುರುವಾಗುತ್ತದೆ. ಈ ಲೆಕ್ಕವೇ ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಗರಿಷ್ಠ ಶಕ್ತಿಯಷ್ಟೇ ಬೇಕಿದ್ದರೆ ದೊಡ್ಡದೊಂದು ಟರ್ಬೊ ಸಾಕು. ಎರಡನ್ನೂ ಜೋಡಿಸಿದ ಎಂಜಿನಿಯರುಗಳು ಬೆನ್ನು ಹತ್ತಿದ್ದು ಜನ ಸರಳವಾಗಿ ‘ಪಿಕಪ್’ ಎನ್ನುವ ಗುಣವನ್ನು, ಅಂದರೆ ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಕಾರು ಮುನ್ನುಗ್ಗುವ ಕ್ಷಣಕ್ಕೂ ನಡುವಿನ ಕಾಯುವಿಕೆಯನ್ನು ಇಲ್ಲವಾಗಿಸುವ ದಾರಿಯನ್ನು.

ಟರ್ಬೊ ತಿರುಗುವುದು ಎಂಜಿನ್ ಹೊರಹಾಕುವ ಬಿಸಿ ಹೊಗೆಯ ಬಲದಿಂದ. ಹೇಗೂ ವ್ಯರ್ಥವಾಗುವ ಶಕ್ತಿಯನ್ನು ಅದು ಬಳಸಿಕೊಳ್ಳುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಆದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಹೊಗೆಯ ಹರಿವೇ ಕಡಿಮೆಯಿರುವುದರಿಂದ ಟರ್ಬೊ ವೇಗ ಪಡೆಯುವಷ್ಟರಲ್ಲಿ ಹೊತ್ತು ಸರಿದಿರುತ್ತದೆ. ಸೂಪರ್‌ಚಾರ್ಜರ್ ಹಾಗಲ್ಲ. ಎಂಜಿನ್ ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್‌ನಿಂದ ಬೆಲ್ಟ್ ಮೂಲಕ ನೇರವಾಗಿ ತಿರುಗುವ ಅದು ಕೆಳಗಿನ ಆರ್‌ಪಿಎಂನಲ್ಲೇ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ಗಾಳಿಯನ್ನು ಒತ್ತಿ ತುಂಬುತ್ತದೆ, ಅದಕ್ಕೆ ಬೆಲೆಯಾಗಿ ಎಂಜಿನ್‌ನ ಶಕ್ತಿಯಲ್ಲೇ ಒಂದು ಪಾಲನ್ನು ತಿನ್ನುತ್ತದೆ. ಆರ್‌ಪಿಎಂ ಏರಿದಂತೆ ಆ ಪಾಲೂ ಏರುತ್ತದೆ. ಒಂದರ ಬಲ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಇನ್ನೊಂದರ ಬಲ ಆರಂಭವಾಗುತ್ತದೆ. ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟುವ ಈ ಘಟ್ಟವೇ ಹಸ್ತಾಂತರ. ಆದರೆ ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳ ಹೆಜ್ಜೆ ಹೊಂದದಿದ್ದರೆ ಗಾಡಿ ಏನಾಗುತ್ತದೋ, ಇಲ್ಲಿಯೂ ಅದೇ ಆಗುತ್ತದೆ.

ರ‍್ಯಾಲಿ ಜಗತ್ತಿನಲ್ಲಿ ಈ ಪಾಠವನ್ನು ಮೊದಲು ಗಂಭೀರವಾಗಿ ಕಲಿತದ್ದು ಇಟಲಿಯ ಲ್ಯಾನ್ಸಿಯಾ. 1983ರಲ್ಲಿ ಅದರ 037 ಕಾರು ಹಿಂದಿನ ಎರಡು ಚಕ್ರಗಳ ಚಾಲನೆ ಮತ್ತು ಸೂಪರ್‌ಚಾರ್ಜರನ್ನಷ್ಟೇ ನಂಬಿಕೊಂಡು, ಟರ್ಬೊ ಹಾಗೂ ನಾಲ್ಕು ಚಕ್ರಗಳ ಚಾಲನೆಯಿದ್ದ ಆಡಿ ಕ್ವಾಟ್ರೊವನ್ನು ಹಿಂದಿಕ್ಕಿ ತಯಾರಕರ ವಿಶ್ವ ಪ್ರಶಸ್ತಿ ಗೆದ್ದಿತು. ಆದರೆ ಟರ್ಬೊ ಕಾರುಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದಾಗ ಸೂಪರ್‌ಚಾರ್ಜರ್ ಒಂದರಿಂದಲೇ ಬಹಳ ದಿನ ನಿಭಾಯಿಸಲಾಗದು ಎಂಬುದು ಸ್ಪಷ್ಟವಾಗಿತ್ತು. 1985ರಲ್ಲಿ ಬಂದ ಡೆಲ್ಟಾ ಎಸ್4ನಲ್ಲಿ ಲ್ಯಾನ್ಸಿಯಾದ ರೇಸ್ ಕಾರುಗಳನ್ನು ರೂಪಿಸುತ್ತಿದ್ದ ಅಬಾರ್ತ್ ತಂಡ ಎರಡನ್ನೂ ಕೂಡಿಸಿತು. ಅದರ ಎಂಜಿನ್ 1759 ಸಿಸಿ. ಈ ವಿಚಿತ್ರ ಸಂಖ್ಯೆಯ ಹಿಂದೆ ನಿಯಮಾವಳಿಯ ಲೆಕ್ಕವಿದೆ: ಬೂಸ್ಟ್ ಇರುವ, ಅಂದರೆ ಗಾಳಿ ಒತ್ತಿ ತುಂಬಿಸಿಕೊಳ್ಳುವ ಎಂಜಿನ್‌ನ ಗಾತ್ರವನ್ನು 1.4ರಿಂದ ಗುಣಿಸಬೇಕಿತ್ತು, ಗುಣಿಸಿದರೆ 2463 ಸಿಸಿ ಆಗುತ್ತದೆ, 2500ರೊಳಗೆ ಉಳಿದರೆ ಕಾರಿನ ಕನಿಷ್ಠ ತೂಕ 890 ಕಿಲೋ ಮಾತ್ರ. ಅಷ್ಟು ಹಗುರವಾದ ಕಾರಿನಲ್ಲಿ ಸುಮಾರು 480 ಹಾರ್ಸ್‌ಪವರ್. ಹೇರ್‌ಪಿನ್ ತಿರುವಿನಿಂದ ಹೊರಬರುವಾಗ ಚಾಲಕ ಟರ್ಬೊಗಾಗಿ ಕಾಯಬೇಕಿರಲಿಲ್ಲ, ನೇರ ದಾರಿ ಸಿಕ್ಕೊಡನೆ ಟರ್ಬೊ ತನ್ನ ಪೂರ್ಣ ಬಲದೊಂದಿಗೆ ಸಿದ್ಧವಿರುತ್ತಿತ್ತು. ಮೊದಲ ಸ್ಪರ್ಧೆಯಾದ 1985ರ ಆರ್‌ಎಸಿ ರ‍್ಯಾಲಿಯಲ್ಲೇ ಹೆನ್ರಿ ಟೊಯ್ವೊನೆನ್ ಮೊದಲನೆಯವನಾಗಿ, ಮಾರ್ಕು ಅಲೆನ್ ಎರಡನೆಯವನಾಗಿ ಗುರಿ ಮುಟ್ಟಿದರು. 1986ರ ಮೇ 2ರಂದು ಕಾರ್ಸಿಕಾದಲ್ಲಿ ಟೊಯ್ವೊನೆನ್ ಮತ್ತು ಸಹಚಾಲಕ ಸರ್ಜಿಯೊ ಕ್ರೆಸ್ಟೊ ಇದೇ ಕಾರಿನಲ್ಲಿ ಅಸುನೀಗಿದರು. ಮರುವರ್ಷದಿಂದ ಇಂಥ ಕಾರುಗಳು ಓಡುತ್ತಿದ್ದ ಗ್ರೂಪ್ ಬಿ ವರ್ಗವೇ ಇಲ್ಲವಾಯಿತು. ಆ ಎಂಜಿನ್‌ಗೆ ಬೆಳೆಯುವ ಅವಕಾಶ ಅಲ್ಲಿಗೇ ನಿಂತುಹೋದದ್ದು ನನ್ನ ಮಟ್ಟಿಗೆ ತಾಂತ್ರಿಕ ನಷ್ಟವೂ ಹೌದು. ಆದರೆ ಇಬ್ಬರ ಪ್ರಾಣದ ಮುಂದೆ ಆ ಮಾತನ್ನು ದೊಡ್ಡದಾಗಿ ಆಡಲು ಮನಸ್ಸಾಗುವುದಿಲ್ಲ.

ಜಪಾನಿನ ನಿಸ್ಸಾನ್ 1989ರಲ್ಲಿ ಮಾರ್ಚ್ ಸೂಪರ್ ಟರ್ಬೊ ಎಂಬ ಪುಟ್ಟ ಕಾರಿನ 930 ಸಿಸಿ ಎಂಜಿನ್‌ಗೆ ಇದೇ ಜೋಡಿಯನ್ನು ಕೊಟ್ಟು 110 ಹಾರ್ಸ್‌ಪವರ್ ತೆಗೆಯಿತು. ಆದರೆ ಹಸ್ತಾಂತರ ಎಂದರೆ ಏನು ಎಂಬುದನ್ನು ಹತ್ತಿರದಿಂದ ನೋಡಬೇಕೆನ್ನುವವರು 2005ರಲ್ಲಿ ಗಾಲ್ಫ್ ಜಿಟಿಯೊಂದಿಗೆ ಬಂದ ಫೋಕ್ಸ್‌ವ್ಯಾಗನ್‌ನ 1.4 ಟಿಎಸ್‌ಐ ಎಂಜಿನ್ನನ್ನೇ ಓದಬೇಕು. 1390 ಸಿಸಿಯಿಂದ 170 ಹಾರ್ಸ್‌ಪವರ್, 1750ರಿಂದ 4500 ಆರ್‌ಪಿಎಂವರೆಗೆ ಸಮತಟ್ಟಾಗಿ 240 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್‌ನ ತಿರುಗಿಸುವ ಬಲ). ಅಲ್ಲಿ ಸೂಪರ್‌ಚಾರ್ಜರ್ ಸದಾ ತಿರುಗುವುದಿಲ್ಲ. ವಾಟರ್ ಪಂಪ್‌ನ ಪುಲ್ಲಿಯೊಳಗೆ ಒಂದು ವಿದ್ಯುತ್ಕಾಂತೀಯ ಕ್ಲಚ್ ಇದೆ, ಬೇಕಾದಾಗ ಮಾತ್ರ ಅದು ಹಿಡಿದುಕೊಳ್ಳುತ್ತದೆ. 2400 ಆರ್‌ಪಿಎಂವರೆಗೆ ಹೆಚ್ಚಿನ ಟಾರ್ಕ್ ಕೇಳಿದರೆ ಸೂಪರ್‌ಚಾರ್ಜರ್ ಕೆಲಸದಲ್ಲಿರುತ್ತದೆ. 2400ರಿಂದ 3500ರವರೆಗೆ ಚಾಲಕ ದಿಢೀರನೆ ಆಕ್ಸಿಲರೇಟರ್ ಒತ್ತಿದಾಗಷ್ಟೇ ನೆರವಿಗೆ ಬರುತ್ತದೆ. ಅದರಾಚೆಗೆ ಗಾಳಿಯ ದಾರಿಯಲ್ಲಿರುವ ಫ್ಲಾಪ್ ಪೂರ್ತಿ ತೆರೆದುಕೊಂಡು, ಗಾಳಿ ಸೂಪರ್‌ಚಾರ್ಜರ್‌ನೊಳಗೆ ಹೋಗದೆ ನೇರವಾಗಿ ಟರ್ಬೊಗೆ ಹೋಗುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ಅನೇಕರು ಗಮನಿಸುವುದಿಲ್ಲ. ಒಂದರ ಹಿಂದೊಂದು ಇಟ್ಟ ಎರಡು ಕಂಪ್ರೆಸರ್‌ಗಳ ಒತ್ತಡದ ಅನುಪಾತಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಎರಡೂ ತಲಾ ಒಂದೂವರೆ ಪಟ್ಟು ಒತ್ತಿದರೆ ಒಟ್ಟು ಎರಡೂಕಾಲು ಪಟ್ಟಾಗುತ್ತದೆ. ಈ ಎಂಜಿನ್ 1500 ಆರ್‌ಪಿಎಂನಲ್ಲೇ ಸುಮಾರು 2.5 ಬಾರ್ ಒತ್ತಡ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ಎರಡೂವರೆ ಪಟ್ಟು) ಕಂಡದ್ದು ಹೀಗೆ. ಟರ್ಬೊ ಒಂದೇ ಇದ್ದಿದ್ದರೆ ಅಲ್ಲಿ 1.3 ಬಾರ್ ದಾಟುತ್ತಿರಲಿಲ್ಲ. ಅಷ್ಟೇ ಅಲ್ಲ, ಸೂಪರ್‌ಚಾರ್ಜರ್ ತುಂಬಿದ ಹೆಚ್ಚಿನ ಗಾಳಿ ಉರಿದು ಹೆಚ್ಚಿನ ಹೊಗೆಯಾಗುವುದರಿಂದ ಟರ್ಬೊ ಕೂಡ ಬೇಗ ಎಚ್ಚರಗೊಳ್ಳುತ್ತದೆ.

ಈ ಎಂಜಿನ್‌ಗೆ 2009ರಲ್ಲಿ ವರ್ಷದ ಅಂತರರಾಷ್ಟ್ರೀಯ ಎಂಜಿನ್ ಪ್ರಶಸ್ತಿ ಬಂತು. ಅದೇ ಎಂಜಿನ್ ತನ್ನ ಆಯಿಲ್ ಅನ್ನು ಹೆಚ್ಚು ಕುಡಿಯುತ್ತದೆ, ಪಿಸ್ಟನ್ ಒಡೆಯುತ್ತದೆ ಎಂಬ ದೂರುಗಳೂ ಹಲವು ದೇಶಗಳಿಂದ ಬಂದವು. ಎರಡೂ ನಿಜ. ಸಣ್ಣ ಪಿಸ್ಟನ್‌ನ ಮೇಲೆ ಕೆಳಗಿನ ಆರ್‌ಪಿಎಂನಲ್ಲೇ ಇಷ್ಟೊಂದು ಒತ್ತಡ ಹೇರಿದಾಗ ಲೋಹಕ್ಕೂ ಇಂಧನಕ್ಕೂ ಕ್ಷಮಿಸುವ ಗುಣ ಕಡಿಮೆಯಾಗುತ್ತದೆ ಎಂದು ನಾನು ಭಾವಿಸುತ್ತೇನೆ. ಮುಂದೆ ಕಂಪನಿ ಈ ಜೋಡಿಯನ್ನು ಕೈಬಿಟ್ಟು ಒಂದೇ ಟರ್ಬೊಗೆ ಮರಳಿತು. ಸಣ್ಣ ಟರ್ಬೊಗಳೇ ಅಷ್ಟರಲ್ಲಿ ಬಹಳ ಚುರುಕಾಗಿದ್ದವು.

ನಮ್ಮ ಊರಿಗೂ ಈ ಕಥೆಯ ಒಂದು ಎಳೆ ತಾಕುತ್ತದೆ. ಬೆಂಗಳೂರಿನ ಹೊರಗಿನ ಹೊಸಕೋಟೆಯಲ್ಲಿ 2017ರಿಂದ ಜೋಡಣೆಯಾಗತೊಡಗಿದ ವೋಲ್ವೊ ಎಕ್ಸ್‌ಸಿ90 ಕಾರಿನ ಟಿ8 ಮಾದರಿ ಭಾರತದಲ್ಲಿಯೂ ಮಾರಾಟವಾಯಿತು. ಅದರ ಎರಡು ಲೀಟರ್ ಪೆಟ್ರೋಲ್ ಎಂಜಿನ್‌ಗೆ ಸೂಪರ್‌ಚಾರ್ಜರ್, ಟರ್ಬೊ ಎರಡೂ ಇದ್ದವು. ಹಿಂಬದಿಯ ಚಕ್ರಗಳಿಗೆ ವಿದ್ಯುತ್ ಮೋಟಾರೂ ಇತ್ತು. 2022ರ ಹೊತ್ತಿಗೆ ವೋಲ್ವೊ ಆ ಮೋಟಾರಿನ ಶಕ್ತಿಯನ್ನು 65 ಕಿಲೋವ್ಯಾಟ್‌ನಿಂದ 107 ಕಿಲೋವ್ಯಾಟ್‌ಗೆ ಏರಿಸಿ ಸೂಪರ್‌ಚಾರ್ಜರನ್ನು ತೆಗೆದುಹಾಕಿತು. 2016ರ ಆಡಿ ಎಸ್‌ಕ್ಯೂ7 ಡೀಸೆಲ್‌ನಲ್ಲಿ ಬೆಲ್ಟ್‌ನ ಬದಲು 48 ವೋಲ್ಟ್ ವಿದ್ಯುತ್ತಿನಿಂದ ತಿರುಗುವ ಕಂಪ್ರೆಸರ್ ಬಂತು, ಅದು ಕಾಲು ಸೆಕೆಂಡಿನೊಳಗೆ 70,000 ಆರ್‌ಪಿಎಂ ಮುಟ್ಟುತ್ತದೆ. ಹಾಗಾಗಿ ಈ ಜೋಡಣೆಯನ್ನು ವಿಫಲ ಪ್ರಯೋಗ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ಅದು ಗುರುತಿಸಿದ ಸಮಸ್ಯೆ ಸರಿಯಾಗಿಯೇ ಇತ್ತು, ಅದೇ ಕೆಲಸವನ್ನು ಇಂದು ವಿದ್ಯುತ್ತು ಕಡಿಮೆ ಭಾಗಗಳಲ್ಲಿ ಮಾಡುತ್ತಿದೆ.

ತಮ್ಮ ಕಾರಿಗೆ ಎರಡನ್ನೂ ಹೊರಗಿನಿಂದ ತರಿಸಿ ಕೂರಿಸಿಕೊಳ್ಳಬೇಕೆಂದಿರುವ ಗೆಳೆಯರಿಗೆ ನನ್ನದೊಂದು ಕಳಕಳಿಯ ವಿನಂತಿ. ಗಾಳಿಯನ್ನು ಸೂಪರ್‌ಚಾರ್ಜರ್ ತಪ್ಪಿಸಿ ಸಾಗಿಸುವ ಬೈಪಾಸ್ ವಾಲ್ವ್ ಯಾವ ಒತ್ತಡದಲ್ಲಿ ತೆರೆಯಬೇಕು, ಎರಡು ಸಲ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವಷ್ಟು ಇಂಟರ್‌ಕೂಲರ್ ದೊಡ್ಡದಿದೆಯೇ, ಇಂಧನ ಎಷ್ಟು, ಕಿಡಿ ಯಾವಾಗ ಎಂದು ಎಂಜಿನ್‌ಗೆ ಹೇಳುವ ಮ್ಯಾಪ್ ಬರೆಯುವವರು ಯಾರು ಎಂಬುದಕ್ಕೆ ಉತ್ತರ ಸಿಗುವವರೆಗೆ ಹಣ ಕೊಡಬೇಡಿ. ಕೆಲಸ ಮುಗಿದ ಮೇಲೆ ಎಂಜಿನ್‌ನ ಶಕ್ತಿ ಅಳೆಯುವ ಡೈನೊ ಯಂತ್ರದ ಹಾಳೆ ಕೈಗೆ ಬಂದಾಗ ಮೇಲ್ತುದಿಯ ಅಂಕಿಯನ್ನು ಆಮೇಲೆ ನೋಡಿ. ಮೊದಲು 2000ದಿಂದ 4000 ಆರ್‌ಪಿಎಂ ನಡುವಿನ ಟಾರ್ಕ್ ಗೆರೆಯ ಮೇಲೆ ಬೆರಳಾಡಿಸಿ. ಅಲ್ಲಿ ಒಂದು ಹಳ್ಳ ಕಂಡರೆ ಹಸ್ತಾಂತರ ಸರಿಯಾಗಿಲ್ಲ ಎಂದರ್ಥ, ಕಾರನ್ನು ಅಲ್ಲೇ ಬಿಟ್ಟು ಮತ್ತೆ ಸರಿಮಾಡಿಸಿ.