ಎರೆ, ರಾಡಿ, ಕೆಂಗಲ್ಲು

ನಮ್ಮ ಅಡುಗೆಮನೆಯಲ್ಲಿ ಹೊರಗೆ ಬರೆದದ್ದಕ್ಕೂ ಒಳಗೆ ಇರುವುದಕ್ಕೂ ಎಂದೂ ತಾಳೆಯಾದದ್ದಿಲ್ಲ. ಹಾರ್ಲಿಕ್ಸ್ ಬಾಟಲಿಯಲ್ಲಿ ಕಡಲೆಹಿಟ್ಟು, ಬೋರ್ನ್‌ವಿಟಾ ಡಬ್ಬಿಯಲ್ಲಿ ಅಗಸಿ ಹಿಂಡಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕರೆಂಟ್ ಬಿಲ್ಲುಗಳು. ಒಮ್ಮೆ ರಾತ್ರಿ ಉಳಿದಿದ್ದ ನೆಂಟರೊಬ್ಬರು ನಸುಕಿನಲ್ಲಿ ಎದ್ದು, ನಮ್ಮನ್ನು ಎಬ್ಬಿಸುವುದು ಬೇಡವೆಂದು ತಾವೇ ಮಗುವಿಗೆ ಹಾರ್ಲಿಕ್ಸ್ ಕಲಸಿದರು. ಮಗು ಒಂದು ಗುಟುಕು ಕುಡಿದು ತಾಯಿಯ ಮುಖ ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಅಷ್ಟಾದರೂ ನನ್ನ ಹೆಂಡತಿ ಆ ಲೇಬಲನ್ನು ಕೀಳಲಿಲ್ಲ. "ಯಾವುದರಲ್ಲಿ ಏನಿದೆ ಎಂದು ನನಗೆ ಗೊತ್ತಿದೆಯಲ್ಲ, ಸಾಕು" ಎನ್ನುವುದು ಅವಳ ವಾದ. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿ, ಶಾಲೆಯ ಬೋರ್ಡಿನಿಂದ ಹಿಡಿದು ಊರ ಜಾತ್ರೆಯ ಬ್ಯಾನರಿನ ತನಕ ಅಕ್ಷರ ಬರೆದೇ ಅನ್ನ ಉಂಡ ನನಗೆ ಇದೊಂದು ಹಳೆಯ ಮುಜುಗರ.

ಹೀಗಿರುವಾಗ ಅಮೆರಿಕದ ಪೋರ್ಟ್‌ಲ್ಯಾಂಡಿನಿಂದ ಅಣ್ಣನ ಮಗ ಫೋನು ಮಾಡಿದ. "ಕಾಕಾ, ನೀವು ನನಗೆ ಮೂರು ಲೇಬಲ್ ಬರೆದುಕೊಡಬೇಕು. ಕನ್ನಡದಲ್ಲಿ."

"ಯಾವುದಕ್ಕೆ?"

ಆ ಕಡೆ ಸ್ವಲ್ಪ ಹೊತ್ತು ಮೌನ. "ಚಿಗವ್ವ ಹತ್ತಿರ ಇದ್ದಾರೆಯೇ?"

ಅವನು ಮನೆಯಲ್ಲೇ ಬಿಯರ್ ಮಾಡುತ್ತಾನಂತೆ. ಇಲ್ಲಿ ಪರವಾನಗಿ ಇಲ್ಲದೆ ಆ ಕೆಲಸಕ್ಕೆ ಇಳಿದರೆ ಅಬಕಾರಿ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ಅಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯ ಪ್ರಕಾರ ವಯಸ್ಕನೊಬ್ಬ ವರ್ಷಕ್ಕೆ 100 ಗ್ಯಾಲನ್, ಎಂದರೆ ಸುಮಾರು 378 ಲೀಟರ್, ಮನೆಬಳಕೆಗೆಂದು ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಮಾರದ ವಸ್ತುವಿಗೆ ಲೇಬಲ್ ಯಾಕಪ್ಪಾ ಎಂದು ಕೇಳಿದೆ. ಒಂದು ಸಲಕ್ಕೆ ಐದು ಗ್ಯಾಲನ್ ಮಾಡಿದರೆ ಐವತ್ತರ ಹತ್ತಿರ ಬಾಟಲಿ ಆಗುತ್ತವೆ. ಮೂರು ಬಗೆ ಮಾಡಿದರೆ ನೂರೈವತ್ತು. ಎಲ್ಲವೂ ಒಂದೇ ತರಹದ ಕಂದು ಗಾಜು. ಬೆಳಕು ಬಿದ್ದರೆ ಬಿಯರ್ ನಾರುತ್ತದೆಂದು ಬಿಳಿ ಗಾಜು ಬಳಸುವುದಿಲ್ಲ. ಹೀಗಾಗಿ ಯಾವುದರಲ್ಲಿ ಯಾವುದಿದೆ ಎಂದು ತನಗೇ ತಿಳಿಯುವುದಿಲ್ಲ ಎಂದ. ನಮ್ಮ ವಂಶದಲ್ಲಿ ಒಳಗಿರುವುದನ್ನೇ ಹೊರಗೆ ಬರೆಯಬೇಕೆಂದು ಆಸೆಪಟ್ಟ ಮೊದಲನೆಯವನು ಇವನು. ಒಪ್ಪಿಕೊಂಡೆ.

ನಾನು ಈವರೆಗೆ ಬಿಯರ್ ಕುಡಿದವನಲ್ಲ. ಆದ್ದರಿಂದ ಬಣ್ಣ ಕೇಳಿದೆ. ಒಂದು ಕಪ್ಪು. ಹುರಿದ ಬಾರ್ಲಿಯಿಂದ ಬಂದ ಕಪ್ಪು, ಮೇಲೆ ಕಂದು ನೊರೆ; ಅದಕ್ಕೆ ಸ್ಟೌಟ್ ಎನ್ನುತ್ತಾರಂತೆ. ಇನ್ನೊಂದು ಕೆಂಪು. ಮೂರನೆಯದು ಗೋಧಿ ಹಾಕಿದ್ದು, ಬಗ್ಗಡದ ಹಾಗೆ ಮಬ್ಬು. ಕಪ್ಪಿಗೆ ಯೋಚಿಸಬೇಕಾದದ್ದೇ ಇರಲಿಲ್ಲ: ಎರೆ. ಬಾಗಲಕೋಟೆಯಲ್ಲಿ ಹುಟ್ಟಿದವನಿಗೆ ಕಪ್ಪು ಎಂದರೆ ಮಳೆ ಬಿದ್ದಾಗ ಚಪ್ಪಲಿ ಬಿಡದ ಆ ಹೊಲದ ಮಣ್ಣು. ಕೆಂಪಿಗೆ ಬಾದಾಮಿ, ಅಲ್ಲಿಯ ಬಂಡೆಗಳ ಬಣ್ಣ. ಮಬ್ಬಿಗೆ ಘಟಪ್ರಭೆ, ಮಳೆಗಾಲದಲ್ಲಿ ಹೊಸ ನೀರು ಬಂದಾಗ ನಮ್ಮ ಹೊಳೆ ನೋಡಿದವರಿಗೆ ಇದಕ್ಕಿಂತ ಸರಿಯಾದ ಹೆಸರು ಹೊಳೆಯಲಾರದು.

ಇದನ್ನು ಹೆಂಡತಿಯ ಎದುರು ಹೇಳಿದ್ದು ತಪ್ಪಾಯಿತು. "ವರ್ಷಕ್ಕೊಮ್ಮೆ ಅರಿಸಿನ ಕುಂಕುಮ ಹಾಕಿ ಬಾಗಿನ ಕೊಡುವ ಹೊಳೆ. ಅದರ ಹೆಸರನ್ನು ಸೆರೆ ಬಾಟಲಿಗೆ ಅಂಟಿಸುತ್ತೀರಾ?" ನಾನು ಮರುಮಾತಾಡದೆ ಹೊಳೆಯನ್ನು ಕೈಬಿಟ್ಟು ನೀರಿನ ಬಣ್ಣವನ್ನಷ್ಟೇ ಉಳಿಸಿಕೊಂಡೆ: ರಾಡಿ. ಹುಡುಗ ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದ. ಪರವಾಗಿಲ್ಲ ಕಾಕಾ, ಓದಬಲ್ಲವರು ಇಲ್ಲಿ ಕುಡಿಯುವುದಿಲ್ಲ, ಕುಡಿಯುವವರಿಗೆ ಓದಲು ಬರುವುದಿಲ್ಲ ಎಂದ.

ಬರೆಯಲು ಕುಳಿತಾಗ ಕಾಲೇಜಿನಲ್ಲಿ ನೋಡಿದ ಒಂದು ಚಿತ್ರ ನೆನಪಾಯಿತು. ಫ್ರಾನ್ಸಿನ ಎದುವಾರ್ ಮಾನೆ 1882ರಲ್ಲಿ ಬರೆದದ್ದು. ಪ್ಯಾರಿಸ್ಸಿನ ಬಾರು, ಕಟ್ಟೆಯ ಹಿಂದೆ ಬೇಸರದ ಮುಖದ ಹುಡುಗಿ, ಮುಂದೆ ಬಾಟಲಿಗಳು. ಕೆಲವು ಬಾಟಲಿಗಳ ಮೇಲೆ ಕೆಂಪು ತ್ರಿಕೋನವಿದೆ. ನಮ್ಮ ಗುರುಗಳು ಅದನ್ನು ತೋರಿಸಿದಾಗ ತರಗತಿಯೆಲ್ಲ ಮುಸಿಮುಸಿ ನಕ್ಕಿತ್ತು. ಆ ಕಾಲದಲ್ಲಿ ಕೆಂಪು ತ್ರಿಕೋನವೆಂದರೆ ಸರಕಾರಿ ಗೋಡೆಗಳ ಮೇಲಿನ ಕುಟುಂಬ ಯೋಜನೆಯ ಗುರುತು. ನಿಜದಲ್ಲಿ ಅದು ಇಂಗ್ಲೆಂಡಿನ ಬಾಸ್ ಬಿಯರಿನ ಚಿಹ್ನೆ. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ನೋಂದಣಿಯಾದ ಮೊಟ್ಟಮೊದಲ ಟ್ರೇಡ್‌ಮಾರ್ಕ್. ನನಗೆ ಅದಕ್ಕಿಂತ ಹೆಚ್ಚು ಇಷ್ಟವಾದದ್ದು ಚಿತ್ರದ ಎಡತುದಿಯ ಬಾಟಲಿ. ಮಾನೆ ತನ್ನ ಸಹಿಯನ್ನು ಎಲ್ಲರಂತೆ ಚಿತ್ರದ ಮೂಲೆಯಲ್ಲಿ ಹಾಕದೆ ಆ ಬಾಟಲಿಯ ಲೇಬಲ್ಲಿನ ಮೇಲೆ ಹಾಕಿದ್ದಾನೆ. ಅಂಥವನೇ ಹಾಕಿದ ಮೇಲೆ ನನಗೇನು ಸಂಕೋಚ? ಮೂರೂ ಲೇಬಲ್ಲುಗಳ ಬಲಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಸಣ್ಣದಾಗಿ, ನನ್ನ ಸಹಿ ಕುಳಿತಿತು. ಅಂಚಿಗೆ ಗುಳೇದಗುಡ್ಡದ ಖಣದ ಬುಟ್ಟಾ. ನಡುವೆ ಚಪ್ಪಟೆ ಕುಂಚದಲ್ಲಿ ಹೆಸರು. ಕೆಳಗೆ ತುಂಬಿದ ದಿನಾಂಕಕ್ಕೆ ಖಾಲಿ ಗೆರೆ. ಅದು ಬೇಕೇ ಬೇಕಂತೆ, ಏಕೆಂದರೆ ಬಾಟಲಿಗೆ ತುಂಬುವಾಗ ಚೂರು ಸಕ್ಕರೆ ಹಾಕುತ್ತಾರೆ, ಒಳಗಿನ ಯೀಸ್ಟ್ ಅದನ್ನು ತಿಂದು ಗಾಳಿ ಹುಟ್ಟಿಸಲು ಎರಡು ವಾರ ಬೇಕು. ಅವಸರ ಮಾಡಿದರೆ ಸಪ್ಪೆ. ಸಕ್ಕರೆ ಹೆಚ್ಚಾದರೆ ಬಾಟಲಿಯೇ ಸಿಡಿಯುತ್ತದೆ.

ಬರೆದದ್ದನ್ನು ಸ್ಕ್ಯಾನ್ ಮಾಡಿಸಿ ಕಳಿಸಿದೆ. ಅವನು ಮನೆಯ ಇಂಕ್‌ಜೆಟ್ ಯಂತ್ರದಲ್ಲಿ ಮುದ್ರಿಸಿ ಅಂಟಿಸಿದ. ಬಾಟಲಿ ಫ್ರಿಜ್ಜಿನಿಂದ ಹೊರಬಂದು ಮೈಯೆಲ್ಲ ಬೆವರಿದಾಗ ಎರೆ ಕರಗಿ ರಾಡಿಯಾಯಿತು. ಎರಡನೆಯ ಸಲ ಅಂಗಡಿಯಲ್ಲಿ ಲೇಸರ್ ಮುದ್ರಣ ಮಾಡಿಸಿದ. ಅದರಲ್ಲಿ ಮಸಿಯ ಬದಲು ಪ್ಲಾಸ್ಟಿಕ್ಕಿನ ಪುಡಿ ಕಾಗದಕ್ಕೆ ಕಾದು ಕೂರುವುದರಿಂದ ನೀರಿಗೆ ಜಗ್ಗಲಿಲ್ಲ.

ಅಂಟಿನ ವಿಷಯ ಕೇಳಿದಾಗ ಮಾತ್ರ ನಾನು ನಂಬಲಿಲ್ಲ. ಹಾಲು! ಕಾಗದದ ಬೆನ್ನಿಗೆ ತೆಳ್ಳಗೆ ಹಾಲು ಸವರಿ ಗಾಜಿಗೆ ಒತ್ತಿ ಒರೆಸಿದರೆ ಮುಗಿಯಿತಂತೆ. ಬ್ಯಾನರು ಅಂಟಿಸಲು ನಾವು ಮೈದಾ ಕುದಿಸಿ, ಹುಳ ತಿನ್ನದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸುತ್ತಿದ್ದ ಕಾಲದವನು ನಾನು. ಹೆಂಡತಿ ಗುಡಿಗೆ ಹೋದ ಹೊತ್ತು ನೋಡಿ ಒಂದು ಖಾಲಿ ಶೀಶೆಯ ಮೇಲೆ ಪರೀಕ್ಷಿಸಿದೆ. ನಮ್ಮದು ಎಮ್ಮೆಯ ಹಾಲು. ಅಂಟಿತೇನೋ ನಿಜ, ಆದರೆ ಕೊಬ್ಬು ಕಾಗದಕ್ಕೆ ಇಳಿದು ಬಜ್ಜಿ ಕಟ್ಟಿದ ಪೇಪರಿನಂತೆ ಕಲೆ ಬಿತ್ತು. ಮರುದಿನ ಕೆನೆ ಪೂರ್ತಿ ತೆಗೆದ ಹಾಲಿನಲ್ಲಿ ಮಾಡಿದೆ. ಒಣಗಿದ ಮೇಲೆ ಉಗುರಿನಿಂದ ಕೆರೆದರೂ ಅಂಚು ಏಳಲಿಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಕೆಲಸವಂತೆ ಅದು. ಬಿಸಿನೀರಿನಲ್ಲಿ ಇಟ್ಟೆ, ಮರ್ಯಾದಸ್ಥ ಅತಿಥಿಯಂತೆ ತಾನೇ ಬಿಟ್ಟು ಹೊರಟಿತು. ಬಾಟಲಿಗಳನ್ನು ತೊಳೆದು ಮತ್ತೆ ತುಂಬುವವರಿಗೆ ಇದೇ ಬೇಕು. ಅಂಗಡಿಯ ಬಾಟಲಿಗಳ ಹಳೆಯ ಲೇಬಲ್ ಬಿಡಿಸಲು ಅವನು ಸೋಡಾ ಕದಡಿದ ನೀರಿನಲ್ಲಿ ಇಡೀ ರಾತ್ರಿ ನೆನೆಹಾಕುತ್ತಾನಂತೆ.

ಇಷ್ಟೆಲ್ಲ ಆದ ಮೇಲೆ ಬಾದಾಮಿ ಕೈಕೊಟ್ಟಿತು. ಮನೆಗೆ ಬಂದ ಗೆಳೆಯರಲ್ಲೊಬ್ಬನಿಗೆ ಕುತೂಹಲ ಹೆಚ್ಚು. ಮೊಬೈಲಿನ ಕ್ಯಾಮೆರಾ ಹಿಡಿದು ಲೇಬಲನ್ನು ಅನುವಾದ ಮಾಡಿಸಿದ. ಅದು ತಿನ್ನುವ ಬಾದಾಮಿ ಎಂದಿತು. ಅವನಿಗೆ ಬಾದಾಮಿ ತಿಂದರೆ ಗಂಟಲು ಊದಿಕೊಳ್ಳುತ್ತದೆ. ಬಾಟಲಿಯನ್ನು ಹಾವು ಕಂಡವನಂತೆ ಕೆಳಗಿಟ್ಟನಂತೆ. ಆರನೆಯ ಶತಮಾನದ ಚಾಲುಕ್ಯರು, ಗುಹೆಗಳು, ಕೆಂಪು ಮರಳುಗಲ್ಲು ಎಂದೆಲ್ಲ ಹುಡುಗ ಅರ್ಧ ಗಂಟೆ ವಿವರಿಸಿದರೂ ಆತ ಆ ಸಂಜೆ ನೀರನ್ನೇ ಕುಡಿದ. ಒಳಗಿರುವುದನ್ನೇ ಹೊರಗೆ ಬರೆಯಲು ಹೊರಟ ನಾನು, ಕೊನೆಗೂ ಹಾರ್ಲಿಕ್ಸ್ ಬಾಟಲಿಯನ್ನೇ ಮಾಡಿಟ್ಟಿದ್ದೆ. ರಾತ್ರೋರಾತ್ರಿ ಹೊಸ ಹೆಸರು ಬರೆದು ಕಳಿಸಿದೆ: ಕೆಂಗಲ್ಲು. ಹೆಂಡತಿಗೆ ಈ ಸಂಗತಿ ಹೇಳಿಲ್ಲ.

ಮೊನ್ನೆ ಫೋಟೋ ಬಂದಿತು. ಮೇಜಿನ ಮೇಲೆ ಹನ್ನೆರಡು ಬಾಟಲಿಗಳು, ಮೂರು ಸಾಲು. ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತ ಹೋದೆ. ಖಣದ ಅಂಚು ಚೆನ್ನಾಗಿ ಬಂದಿತ್ತು. ಸಹಿ ಹುಡುಕಿದೆ, ಕೊನೆಯ ಸಾಲಿನ ಎರಡು ಬಾಟಲಿಗಳಲ್ಲಿ ಅದು ಎಡಗಡೆ ಮೇಲೆ ಹೋಗಿ ಕುಳಿತಿತ್ತು. ಅಂಟಿಸಲು ನೆರವಾದ ಗೆಳೆಯರಿಗೆ ಕನ್ನಡದ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಾಗಿಲ್ಲ. ನಮ್ಮ ದುಂಡು ಅಕ್ಷರಗಳು ಶೀರ್ಷಾಸನದಲ್ಲೂ ಎಷ್ಟು ಆರಾಮವಾಗಿ ಕಾಣುತ್ತವೆ ಎಂಬುದು ನನಗೂ ಆಗಲೇ ತಿಳಿದದ್ದು.

ಹೆಂಡತಿ ಕನ್ನಡಕ ಹಾಕಿಕೊಂಡು ಬಂದಳು. ಓದಲೆಂದು ಮೊಬೈಲನ್ನು ತಿರುಗಿಸಿದಳು. ಚಿತ್ರವೂ ಅದರೊಂದಿಗೆ ತಿರುಗಿತು. ಮತ್ತೆ ತಿರುಗಿಸಿದಳು, ಅದೂ ಮತ್ತೆ ತಿರುಗಿತು. ಕೊನೆಗೆ ಮೊಬೈಲನ್ನು ಮೇಜಿನ ಮೇಲಿಟ್ಟು, ತಾನೇ ಆಚೆ ಬದಿಗೆ ಹೋಗಿ ನಿಂತು, ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ರಾ... ಡಿ."